ಸೂಚನಾ ಪುಸ್ತಕದ ಎಂಟು ಸಹಿಗಳು

ಇತ್ತೀಚೆಗೆ ಒಂದು ಮಧ್ಯಾಹ್ನ ಸ್ಕೇಲು ಹಿಡಿದು ನನ್ನ ಸಹಿಯನ್ನು ಅಳೆದು ನೋಡಿದೆ. ಈ ಮನುಷ್ಯನಿಗೆ ಮಾಡಲು ಬೇರೆ ಕೆಲಸವಿಲ್ಲವೇ ಎಂದು ನೀವು ಕೇಳಬಹುದು. ಕೆಲಸ ಬೇಕಾದಷ್ಟಿತ್ತು, ಒಂಬತ್ತನೆಯ ತರಗತಿಯ ಉತ್ತರಪತ್ರಿಕೆಗಳ ಕಟ್ಟು ಮೇಜಿನ ಮೇಲೆ ನನ್ನನ್ನೇ ದಿಟ್ಟಿಸುತ್ತಿತ್ತು. ಅಂಥ ಕಟ್ಟು ಎದುರಿಗಿರುವಾಗಲೇ ಮೇಷ್ಟ್ರಾದವನಿಗೆ ಜಗತ್ತಿನ ಇತರ ವಿಷಯಗಳಲ್ಲಿ ಅದಮ್ಯ ಸಂಶೋಧನಾಸಕ್ತಿ ಹುಟ್ಟುವುದು. ಕೆಲಸಕ್ಕೆ ಸೇರಿದ ವರ್ಷದ ಹಾಜರಿ ಪುಸ್ತಕ ಬೀರುವಿನಲ್ಲಿ ಸಿಕ್ಕಿತ್ತು. ಅದರಲ್ಲಿ ನಾನು ಇನಿಷಿಯಲ್ಲುಗಳ ಸಮೇತ ಪೂರ್ಣ ಹೆಸರು ಬರೆದು, ಕೆಳಗೊಂದು ಗೆರೆ ಎಳೆದು, ಗೆರೆಯ ಕೆಳಗೆ ಎರಡು ಚುಕ್ಕೆಯಿಟ್ಟು ಅಲಂಕರಿಸಿದ್ದೆ. ಸಹಿಗೆಂದು ಬಿಟ್ಟ ಚೌಕ ಸಾಲದೆ ಪಕ್ಕದವರ ಚೌಕಕ್ಕೂ ಅತಿಕ್ರಮಣ ನಡೆದಿತ್ತು. ಈಗಿನ ಸಹಿಯಲ್ಲಿ ಉಳಿದಿರುವುದು ಒಂದು ಕೊಕ್ಕೆ, ಅದಕ್ಕೊಂದು ಬಾಲ. ಸೇವೆ ಹಿರಿದಾದಂತೆ ಸಹಿ ಕಿರಿದಾಗುವ ಈ ನಿಯಮ ನನ್ನೊಬ್ಬನಿಗೇ ಅನ್ವಯವೋ ಸರ್ವರಿಗೂ ಅನ್ವಯವೋ ಎಂಬ ಕುತೂಹಲದಿಂದ ಉಳಿದವರ ಸಹಿಗಳನ್ನೂ ನೋಡಿದೆ. ಎಲ್ಲರವೂ ಹೆಚ್ಚುಕಡಿಮೆ ನನ್ನ ದಾರಿಯಲ್ಲೇ ಇದ್ದವು.

ನಮ್ಮದು ಶಿಕಾರಿಪುರಕ್ಕೂ ಸೊರಬಕ್ಕೂ ನಡುವೆ, ಹಳ್ಳಿಯೆಂದರೆ ಮುನಿಸಿಕೊಳ್ಳುವ, ಪೇಟೆಯೆಂದರೆ ಸಂಕೋಚಪಡುವ ಒಂದು ಊರಿನ ಸರ್ಕಾರಿ ಪ್ರೌಢಶಾಲೆ. ಊರಿನ ಹೆಸರು ಹೇಳುವುದಿಲ್ಲ. ನಾಳೆಯೂ ನಾನು ಅದೇ ಸ್ಟಾಫ್ ರೂಮಿನಲ್ಲಿ ಕೂರಬೇಕು. ಗುಮಾಸ್ತರನ್ನೂ ಸೇರಿಸಿ ನಾವು ಎಂಟು ಮಂದಿ, ಮೇಲೆ ಮುಖ್ಯೋಪಾಧ್ಯಾಯಿನಿ ವಿಶಾಲಾಕ್ಷಿ ಮೇಡಂ. ಎಂಟರಲ್ಲಿ ನಾಲ್ವರು ಶಿಕಾರಿಪುರದ ಬಸ್ಸಿನಲ್ಲಿ ಬರುವವರು, ನಾಲ್ವರು ಸೊರಬದ ಬಸ್ಸಿನವರು. ಹೀಗಾಗಿ ನಮ್ಮ ಸ್ಟಾಫ್ ರೂಮಿನಲ್ಲಿ ಕಿಟಕಿಯ ಕಡೆಯಿಂದ ‘ಏನ್ ಮಾಡಾಕ ಬರ್ತದ್ರಿ’ ಎಂಬ ಬಯಲುಸೀಮೆಯ ಗಾಳಿ, ಬಾಗಿಲ ಕಡೆಯಿಂದ ‘ಎಂಥ ಮಾಡುದು ಮಾರಾಯ್ರೆ’ ಎಂಬ ಮಲೆನಾಡಿನ ಗಾಳಿ ಏಕಕಾಲಕ್ಕೆ ಬೀಸುತ್ತಿರುತ್ತವೆ. ಎರಡು ಪಂಗಡಗಳೂ ಸಂಪೂರ್ಣ ಒಮ್ಮತಕ್ಕೆ ಬರುವ ವಿಷಯ ಒಂದೇ. ಕೊನೆಯ ಗಂಟೆ ಬಾರಿಸಿದ ಹನ್ನೆರಡು ನಿಮಿಷಕ್ಕೆ ಎರಡೂ ಬಸ್ಸುಗಳು ನಮ್ಮೂರ ನಿಲ್ದಾಣದಲ್ಲಿ ಒಂದನ್ನೊಂದು ಹಾಯುತ್ತವೆ. ಅದು ತಪ್ಪಿದರೆ ಮುಂದಿನದಕ್ಕೆ ಎರಡು ಗಂಟೆ ಕಾಯಬೇಕು. ಜ್ಞಾನಾರ್ಜನೆ, ಮೌಲ್ಯ, ಶಿಸ್ತು ಎಲ್ಲವೂ ಆ ಹನ್ನೆರಡು ನಿಮಿಷದ ಈಚೆಗೇ ಮುಗಿಯಬೇಕು.

ಇನ್ನು ಸೂಚನಾ ಪುಸ್ತಕದ ವಿಷಯ. ಶಾಲೆಯಲ್ಲಿ ಕೆಲಸ ಮಾಡದವರಿಗೆ ಇದರ ಮಹಿಮೆ ತಿಳಿದಿರಲಿಕ್ಕಿಲ್ಲ. ಮುಖ್ಯೋಪಾಧ್ಯಾಯರು ಸಿಬ್ಬಂದಿಗೆ ತಿಳಿಸಬೇಕಾದ್ದನ್ನೆಲ್ಲ ಒಂದು ಉದ್ದ ಪುಸ್ತಕದಲ್ಲಿ ಬರೆಯುತ್ತಾರೆ; ಕೆಳಗೆ ಒಂದರಿಂದ ಎಂಟರವರೆಗೆ ನಮ್ಮ ಹೆಸರುಗಳಿರುತ್ತವೆ; ಪುಸ್ತಕ ತರಗತಿಯಿಂದ ತರಗತಿಗೆ ಹೋಗಿ ಪ್ರತಿ ಹೆಸರಿನ ಮುಂದೆ ಒಂದು ಸಹಿ ಸಂಪಾದಿಸಿಕೊಂಡು ಬರಬೇಕು. ಸಹಿ ಬಿತ್ತೆಂದರೆ ಓದಿದೆವು, ಅರಿತೆವು, ಒಪ್ಪಿದೆವು ಎಂದು ಅರ್ಥ. ಪುಸ್ತಕವನ್ನು ಹೊತ್ತು ತಿರುಗುವವರು ಶಾರದಮ್ಮ. ಡಿ ಗ್ರೂಪ್ ನೌಕರರಾಗಿರುವ ಇವರು ಹೊಸಬಾಳೆಯ ಕಡೆಯವರು. ಗಂಟೆ ಬಾರಿಸುವುದು, ಬೀಗ ತೆಗೆಯುವುದು, ಬೀಗ ಹಾಕುವುದು, ಸ್ಟಾಫಿಗೆ ಚಹಾ ಕೊಡುವುದು, ಕಾರ್ಯಕ್ರಮಕ್ಕೆ ಕುರ್ಚಿ ಹಾಕುವುದು ಇವೆಲ್ಲ ಅವರವೇ. ಬಾಗಿಲಲ್ಲಿ ಅವರು ಕಾಣಿಸಿದ ತಕ್ಷಣ ನಮ್ಮ ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಗುತ್ತದೆ. ಗಣಿತದ ಪರಮೇಶಪ್ಪನವರು ಬಲಗೈಯಲ್ಲಿ ಪ್ರಮೇಯ ಬರೆಯುತ್ತಲೇ ಎಡಗೈಯಲ್ಲಿ ಸಹಿ ಮಾಡುವುದನ್ನು ಕಣ್ಣಾರೆ ಕಂಡಿದ್ದೇನೆ. ಹಿಂದಿ ಮೇಡಂ ಪುಸ್ತಕವನ್ನು ಗೋಡೆಗಾನಿಸಿ, ಮುಖವನ್ನು ಮಾತ್ರ ಮಕ್ಕಳ ಕಡೆಗಿಟ್ಟು ಗೀಚುತ್ತಾರೆ. ದೈಹಿಕ ಶಿಕ್ಷಕರು ಮೈದಾನದಲ್ಲಿ ಸೀಟಿಯನ್ನು ಬಾಯಿಂದ ತೆಗೆಯುವುದೂ ಇಲ್ಲ. ನಾನು? ನಾನು ಓದುವವನಂತೆ ಕಣ್ಣನ್ನು ಒಂದು ಸಲ ಎಡದಿಂದ ಬಲಕ್ಕೆ ಆಡಿಸಿ, ಗಂಭೀರವಾಗಿ ತಲೆಯಾಡಿಸಿ, ಆಮೇಲೆ ಕೊಕ್ಕೆ ಹಾಕುತ್ತೇನೆ. ಎಂಟು ಮಂದಿಯಲ್ಲಿ ನಾನೊಬ್ಬನೇ ಅಷ್ಟು ಕಪಟಿ.

ಯಾಕೆ ಓದುವುದಿಲ್ಲ ಎಂದರೆ, ಓದುವಂಥದ್ದೇನೂ ಅಲ್ಲಿ ಇರುವುದಿಲ್ಲವೆಂಬ ದೃಢವಾದ ನಂಬಿಕೆ. ನಾಳೆ ಜಯಂತಿ, ಎಲ್ಲರೂ ಹಾಜರಿರಿ. ಪಾಠ ಯೋಜನೆ ಒಪ್ಪಿಸಿ. ಮೊಟ್ಟೆ ತಿನ್ನುವ ಮಕ್ಕಳೆಷ್ಟು, ಬಾಳೆಹಣ್ಣಿನವರೆಷ್ಟು, ತರಗತಿವಾರು ಪಟ್ಟಿ ಕೊಡಿ. ಮುಖ್ಯವಾದದ್ದು ಹೇಗೂ ಚಹಾದ ಹೊತ್ತಿಗೆ ಕಿವಿಗೆ ಬಿದ್ದೇ ಬೀಳುತ್ತದೆ. ನನ್ನ ವಿಷಯದಲ್ಲಿ ಇದು ಇನ್ನಷ್ಟು ನಾಚಿಕೆಗೇಡು, ಏಕೆಂದರೆ ನಾನು ಸಮಾಜ ವಿಜ್ಞಾನದ ಮೇಷ್ಟ್ರು. ವರ್ಷಕ್ಕೊಮ್ಮೆ ಎಂಟನೆಯ ತರಗತಿಯವರನ್ನು ಬಂದಳಿಕೆಯ ಹಳೆಯ ದೇವಾಲಯಗಳಿಗೆ ಕರೆದುಕೊಂಡು ಹೋಗಿ, ಬಿಸಿಲಲ್ಲಿ ಮಂಡಿಯೂರಿ, ಸವೆದ ಶಾಸನದ ಮೇಲೆ ನೀರು ಚಿಮುಕಿಸಿ, ಒಂದೊಂದೇ ಅಕ್ಷರವನ್ನು ಬೆರಳಿಂದ ತಡವಿ ಓದಿ ಹೇಳುವವನು. ‘ನೋಡಿ ಮಕ್ಕಳೇ, ಬರೆದವರು ಹೋದರು, ಬರಹ ನಮಗಾಗಿ ಕಾದು ನಿಂತಿದೆ’ ಎಂದು ಅಲ್ಲಿ ನನ್ನ ಗಂಟಲು ಗದ್ಗದವಾಗುವುದೂ ಉಂಟು. ಅದೇ ನಾನು, ಹತ್ತು ಹೆಜ್ಜೆ ಆಚೆ ಕುಳಿತ ಮೇಡಂ ಬೆಳಿಗ್ಗೆ ಬಾಲ್ ಪೆನ್ನಿನಲ್ಲಿ ದುಂಡಗೆ ಬರೆದದ್ದನ್ನು ಓದಲು ಅರ್ಧ ನಿಮಿಷ ಕೊಡುತ್ತಿರಲಿಲ್ಲ.

ವಿಶಾಲಾಕ್ಷಿ ಮೇಡಂ ಭದ್ರಾವತಿಯ ಕಡೆಯವರು. ಇಲ್ಲೇ ಒಂದು ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಮೊದಲು ನಮಗೆ ಅವರು ಹಿಡಿಸಿರಲಿಲ್ಲ. ಹೆಚ್ಚು ಮಾತಾಡರು, ನಗುವುದು ಕಡಿಮೆ, ಹೇಳುವುದನ್ನೆಲ್ಲ ಬರೆದೇ ಹೇಳುವವರು. ಆದರೆ ಜಡೆ ಊರಿನ ಕಡೆಯಿಂದ ಮೊದಲ ಬಸ್ಸಿಗೆ ಬರುವ ಮಕ್ಕಳನ್ನು ಗೇಟಿನಲ್ಲೇ ನಿಲ್ಲಿಸಿ ‘ತಿಂಡಿ ತಿಂದ್ಯಾ?’ ಎಂದು ಕೇಳಿ, ಇಲ್ಲವೆಂದವರಿಗೆ ತಮ್ಮ ಡ್ರಾಯರಿನಿಂದ ಬಿಸ್ಕತ್ತು ತೆಗೆದುಕೊಡುವುದನ್ನು ನಾವು ಕಂಡಿದ್ದೆವು. ಪರಮೇಶಪ್ಪನವರ ತಂದೆ ಆಸ್ಪತ್ರೆಯಲ್ಲಿದ್ದಾಗ ಹತ್ತನೆಯವರ ಗಣಿತದ ಪೇಪರುಗಳನ್ನೆಲ್ಲ ಸದ್ದಿಲ್ಲದೆ ತಾವೇ ತಿದ್ದಿ ಇಟ್ಟಿದ್ದರು. ನಾನು ಜ್ವರದಲ್ಲಿ ಹದಿನೈದು ದಿನ ಮಲಗಿದ್ದಾಗ ನನ್ನ ಇತಿಹಾಸದ ಪಾಠಗಳನ್ನು ಅವರೇ ಮಾಡಿದರು; ವಾಪಸು ಬಂದಾಗ ಮಕ್ಕಳು ‘ಸಾರ್, ಇನ್ನೂ ಸ್ವಲ್ಪ ದಿನ ರೆಸ್ಟ್ ತಗೊಳ್ಳಿ’ ಎಂದು ಕಾಳಜಿ ತೋರಿಸಿದ್ದರ ಅರ್ಥ ನನಗೆ ಆಗದೆ ಇರಲಿಲ್ಲ. ಇಷ್ಟಾಗಿಯೂ ಎರಡು ವರ್ಷದಲ್ಲಿ ನಮ್ಮಲ್ಲೊಬ್ಬರೂ ಅವರೆದುರು ಕೂತು, ಮೇಡಂ, ನೀವು ಬಂದದ್ದು ಒಳ್ಳೆಯದಾಯಿತು ಎಂದು ಹೇಳಿದ್ದಿಲ್ಲ. ಹೇಳುವುದಕ್ಕೆ ಏನೋ ಒಂದು ಮುಜುಗರ, ಮೇಲಾಗಿ ಬಸ್ಸು.

ಹೀಗಿರುವಾಗ ಒಂದು ಬುಧವಾರ ಮೇಡಂ ಶಿವಮೊಗ್ಗಕ್ಕೆ ಹೋದರು. ಗುರುವಾರ ಬಂದು, ವರ್ಗಾವಣೆಯ ಕೌನ್ಸೆಲಿಂಗ್‌ನಲ್ಲಿ ಭದ್ರಾವತಿಯ ಹತ್ತಿರ ಜಾಗ ಆರಿಸಿಕೊಂಡೆ, ಆದೇಶ ಬಂದ ಕೂಡಲೇ ಹೊರಡುತ್ತೇನೆ ಎಂದರು. ಅಷ್ಟು ಹೇಳಿ, ಉತ್ತರಕ್ಕೆ ಕಾಯದೆ ತಮ್ಮ ಕೊಠಡಿಗೆ ಹೊರಟುಹೋದರು. ನಮಗಾದ ನೋವನ್ನು ಏನೆಂದು ಹೇಳಲಿ! ಸ್ಟಾಫ್ ರೂಮಿನಲ್ಲಿ ಎರಡು ಸೀಮೆಗಳ ಗಾಳಿಯೂ ಒಂದೇ ದಿಕ್ಕಿಗೆ ಬೀಸಿತು. “ಮೊದಲ ಒಂದ್ ಮಾತು ಹೇಳಬಾರದಿತ್ತೇನ್ರಿ? ನಾವೇನ್ ಹೊರಗಿನವ್ರಾ?” ಎಂದರು ಪರಮೇಶಪ್ಪ. “ಒಳಗೊಳಗೇ ಎಲ್ಲ ಮಾಡ್ಕೊಂಡು ಬಿಟ್ರು ಮಾರಾಯ್ರೆ. ನಂಗಂತೂ ಬೇಜಾರೇ ಆಯ್ತು” ಎಂದರು ಹಿಂದಿ ಮೇಡಂ. ನಾನು ಇವರಿಬ್ಬರಿಗಿಂತ ಒಂದು ಕೈ ಮೇಲಾಗಿ, ಮನುಷ್ಯ ಸಂಬಂಧಗಳ ಅವನತಿಯ ಬಗ್ಗೆ ಒಂದು ಸಣ್ಣ ಉಪನ್ಯಾಸ ಕೊಟ್ಟೆ. ಆ ದಿನಗಳಲ್ಲಿ ಶಾರದಮ್ಮ ಚಹಾದ ಲೋಟಗಳನ್ನು ನಮ್ಮ ಕೈಗೆ ಕೊಡದೆ ಕಿಟಕಿಯ ಕಟ್ಟೆಯ ಮೇಲೆ ಟಕ್ಕೆಂದು ಇಟ್ಟು ಹೋಗುತ್ತಿದ್ದರು. ಪಾಪ, ಮೇಡಂ ಹೋಗುವ ದುಃಖ ಎಂದುಕೊಂಡೆವು.

ಬೀಳ್ಕೊಡುಗೆಗೆ ಬಿನ್ನವತ್ತಳೆ ಬರೆಯುವ ಹೊಣೆ ನನ್ನ ಪಾಲಿಗೆ ಬಂತು. ಸಭೆಯಲ್ಲಿ ಓದಿ, ಚೌಕಟ್ಟು ಹಾಕಿಸಿ ಕೈಗಿಡುವ ಆ ಪತ್ರದಲ್ಲಿ ‘ಸೌಜನ್ಯಮೂರ್ತಿ’, ‘ತುಂಬಲಾರದ ನಷ್ಟ’ ಮುಂತಾದವನ್ನು ಬರೆಯಲು ನನಗೆ ಯಾರ ನೆರವೂ ಬೇಡ. ಎರಡು ಪ್ಯಾರಾ ಸಿದ್ಧವಾಗಿಯೇ ಇರುತ್ತವೆ, ಹೆಸರು ಬದಲಿಸಿದರಾಯಿತು. ಆದರೆ ಮೇಡಂ ಇಲ್ಲಿ ಏನೇನು ಮಾಡಿದರು, ಕೈತೋಟ ಮಾಡಿಸಿದ್ದು ಯಾವಾಗ, ಸಂಜೆಯ ಪಾಠ ಶುರುಮಾಡಿದ್ದು ಯಾವಾಗ ಎಂಬ ವಿವರ ಬೇಕಿತ್ತು. ಅದಕ್ಕಾಗಿ, ಸೇವೆಯಲ್ಲಿ ಮೊದಲ ಬಾರಿಗೆ, ಸೂಚನಾ ಪುಸ್ತಕವನ್ನು ಓದುವುದಕ್ಕೆಂದು ಕೈಗೆತ್ತಿಕೊಂಡೆ.

ಓದುತ್ತ ಹೋದಂತೆ ಅದು ಎಷ್ಟು ರುಚಿಕಟ್ಟಾಗಿದೆಯಲ್ಲ ಎಂದು ಬೆರಗಾಯಿತು. ‘ಸಿಬ್ಬಂದಿ ಕೊಠಡಿಯ ಜೇನುಗೂಡನ್ನು ಕೆಣಕಬಾರದು’ ಎಂಬ ಸೂಚನೆಗೆ ನಾವು ಸಹಿ ಮಾಡಿದ ಮರುದಿನವೇ ಕೆಣಕಿ ಕಚ್ಚಿಸಿಕೊಂಡಿದ್ದೆವು. ಇನ್ನೊಂದು ಕಡೆ, ಆ ದಿನ ರಜೆಯಲ್ಲಿದ್ದ ಗುಮಾಸ್ತರ ಸಹಿಯೂ ಇತ್ತು. ನನ್ನೊಳಗಿನ ಶಾಸನತಜ್ಞ ಪುಳಕಗೊಂಡು ಒಂದೊಂದೇ ಪುಟ ತಿರುವುತ್ತಿದ್ದ. ಆಗ ಮೂರು ವಾರ ಹಿಂದಿನ ಒಂದು ಪುಟ ಬಂತು. ಅದರಲ್ಲಿ ಹೀಗಿತ್ತು:

‘ಎಲ್ಲ ಸಿಬ್ಬಂದಿಯ ಗಮನಕ್ಕೆ. ಕೋರಿಕೆ ವರ್ಗಾವಣೆಯ ಪಟ್ಟಿಯಲ್ಲಿ ನನ್ನ ಹೆಸರು ಬಂದಿದೆ. ಬರುವ ಬುಧವಾರ ಶಿವಮೊಗ್ಗದಲ್ಲಿ ಕೌನ್ಸೆಲಿಂಗ್. ಅರ್ಜಿ ಹಾಕಿದಾಗ ಹೋಗಲೇಬೇಕು ಎಂದಿತ್ತು. ಈಗ ಇಲ್ಲಿಯೇ ಇರೋಣವೆಂದೂ ಅನಿಸುತ್ತಿದೆ. ಬಾಯಿಬಿಟ್ಟು ಕೇಳಲು ನನಗೆ ಬರುವುದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ನಾನು ಇರಬೇಕೆಂದು ನಿಮ್ಮಲ್ಲಿ ಯಾರಿಗಾದರೂ ಅನ್ನಿಸಿದರೆ ಶನಿವಾರ ಶಾಲೆ ಬಿಟ್ಟ ಮೇಲೆ ಬಂದು ಒಂದು ಮಾತು ಹೇಳಿ. ಕೊಠಡಿಯಲ್ಲಿರುತ್ತೇನೆ. ಯಾರೂ ಬರದಿದ್ದರೆ ತಪ್ಪು ತಿಳಿಯುವುದಿಲ್ಲ.’

ಕೆಳಗೆ ಎಂಟು ಹೆಸರು, ಎಂಟು ಸಹಿ. ಆರನೆಯದು ನನ್ನ ಕೊಕ್ಕೆ.

ಪುಸ್ತಕವನ್ನು ಪರಮೇಶಪ್ಪನವರ ಮುಂದಿಟ್ಟೆ. ಅವರು ಓದಿ ಮುಂದಿನವರ ಕಡೆ ತಳ್ಳಿದರು. ನಮ್ಮ ಶಾಲೆಯ ಚರಿತ್ರೆಯಲ್ಲಿ ಒಂದು ಸೂಚನೆಯನ್ನು ಎಂಟು ಮಂದಿಯೂ ಕೊನೆಯವರೆಗೆ ಓದಿದ್ದು ಅದೇ ಮೊದಲು. ಆಮೇಲೆ ಏನು ಮಾಡುವುದೆಂಬ ಚರ್ಚೆ. ಓದಿದ್ದೆವು ಎಂದರೆ, ಓದಿಯೂ ಯಾರೂ ಬರಲಿಲ್ಲ, ಹೋಗಲಿ ಎಂದೇ ಬಯಸಿದೆವು ಎಂದಾಗುತ್ತದೆ. ಓದಿರಲಿಲ್ಲ ಎಂದರೆ, ಇಷ್ಟು ವರ್ಷ ಸರ್ಕಾರಿ ದಾಖಲೆಯಲ್ಲಿ ಸುಳ್ಳು ಸಹಿ ಹಾಕುತ್ತ ಬಂದಿದ್ದೇವೆ ಎಂದಾಗುತ್ತದೆ. “ಓದಿಲ್ಲ ಅಂತ ಒಪ್ಕೊಂಡ್ರ ಕರ್ತವ್ಯಲೋಪ ಆಗ್ತದ್ರಿ” ಎಂದು ಪರಮೇಶಪ್ಪ ಕಾನೂನು ತೆಗೆದರು. “ಆಗ್ಲಿ ಬಿಡಿ. ಅವ್ರು ಹೀಗೇ ಅಂದ್ಕೊಂಡು ಹೋದ್ರೆ ನಂಗೆ ನಿದ್ದೆ ಬರುದಿಲ್ಲ” ಎಂದರು ಹಿಂದಿ ಮೇಡಂ. ಅವರ ಕಣ್ಣು ತುಂಬಿತ್ತು.

ಅಷ್ಟರಲ್ಲಿ ಶಾರದಮ್ಮ ಲೋಟ ಒಯ್ಯಲು ಬಂದರು. ಮೇಜಿನ ಮೇಲೆ ತೆರೆದಿದ್ದ ಪುಟವನ್ನು ಒಮ್ಮೆ ನೋಡಿ, ನಮ್ಮ ಮುಖಗಳನ್ನು ಒಮ್ಮೆ ನೋಡಿದರು. ಇದು ನಿಮಗೆ ಗೊತ್ತಿತ್ತೇ ಎಂದು ಕೇಳಿದೆ.

“ಗೊತ್ತಿಲ್ದೆ ಏನ್ರೀ ಸಾರ್? ನಿಮ್ ಹತ್ರ ತರೋಕ್ ಮುಂಚೆ ನಾನು ಯಾವಾಗ್ಲೂ ಓದ್ತೀನಿ. ಕುರ್ಚಿ ಎಷ್ಟ್ ಹಾಕ್ಬೇಕು, ಗಂಟೆ ಯಾವಾಗ ಹೊಡೀಬೇಕು ಅಂತ ನಂಗೂ ತಿಳೀಬೇಕಲ್ರೀ.”

“ಮತ್ತ ನಮಗ್ಯಾಕ ಹೇಳ್ಲಿಲ್ಲ ಶಾರದಮ್ಮ?” ಎಂದರು ಪರಮೇಶಪ್ಪ.

“ನೀವೆಲ್ಲಾ ಓದಿ ಸೈನ್ ಹಾಕಿದ್ರಲ್ರೀ! ಮೇಡಂ ಹೋದ್ರೆ ಹೋಗ್ಲಿ ಅಂತ ನಿಮ್ ಮನ್ಸಲ್ಲಿ ಐತೆ ಅಂದ್ಕಂಡೆ.” ಲೋಟಗಳನ್ನು ತಟ್ಟೆಯಲ್ಲಿ ಜೋಡಿಸುತ್ತ ಮುಂದುವರಿಸಿದರು: “ಶನಿವಾರ ನಾ ಹೋಗಿದ್ದೆ. ಇರ್ರೀ ಮೇಡಂ, ಹೋಗ್ಬ್ಯಾಡ್ರಿ ಅಂದೆ. ಇನ್ಯಾರಾದ್ರೂ ಬರ್ತಾರಾ ಶಾರದಮ್ಮ ಅಂತ ಕೇಳಿದ್ರು. ಎರಡೂ ಬಸ್ಸು ಹೋದ್ವು ಮೇಡಂ ಅಂದೆ. ಇನ್ನೂ ಒಂದು ಗಂಟೆ ಕೂತಿದ್ರು. ಆಮೇಲೆ ಬೀಗ ಹಾಕಿದ್ವಿ.”

ಮೂರು ವಾರ ನಮಗೆ ಟಕ್ಕೆಂದು ಲೋಟ ಇಟ್ಟದ್ದು ದುಃಖದಿಂದಲ್ಲ, ಕೋಪದಿಂದ ಎಂದು ಆಗ ತಿಳಿಯಿತು. ಅಷ್ಟು ದಿನ ನಮ್ಮ ಸಹಿಗಳನ್ನು ನಿಜವೆಂದು ನಂಬಿದವರು ಆ ಶಾಲೆಯಲ್ಲಿ ಇಬ್ಬರಿದ್ದರು, ಬರೆದ ಮೇಡಂ ಮತ್ತು ಹೊತ್ತು ತಿರುಗಿದ ಶಾರದಮ್ಮ.

ಅಂದು ಕೊನೆಯ ಗಂಟೆ ಬಾರಿಸಿದ ಮೇಲೆ ಎಂಟೂ ಮಂದಿ ಮೇಡಂ ಕೊಠಡಿಗೆ ಹೋದೆವು. ಮಾತಾಡುವವನು ನಾನೆಂದು ತೀರ್ಮಾನವಾಗಿತ್ತು. ಬಿನ್ನವತ್ತಳೆ ಬರೆಯುವವನೇ ತಪ್ಪೊಪ್ಪಿಗೆಯನ್ನೂ ಮಾಡಬೇಕೆಂಬ ನ್ಯಾಯ ಯಾವುದೋ ತಿಳಿಯದು. ಪುಸ್ತಕವನ್ನು ಮೇಜಿನ ಮೇಲಿಟ್ಟು, “ಮೇಡಂ, ಇದನ್ನ ನಾವು ಓದಿರಲಿಲ್ಲ” ಎಂದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. ತಮ್ಮದೇ ಬರಹವನ್ನು ನೋಡಿದರು, ಸಹಿಗಳನ್ನು ನೋಡಿದರು.

“ಎಂಟೂ ಜನ?”

“ಎಂಟೂ ಜನ.”

ಮೇಡಂ ನಕ್ಕರು. ಎರಡು ವರ್ಷದಲ್ಲಿ ಅವರು ಅಷ್ಟು ಗಟ್ಟಿಯಾಗಿ ನಕ್ಕದ್ದನ್ನು ನಾವು ಕೇಳಿರಲಿಲ್ಲ. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. “ಮೂರು ವಾರದಿಂದ ಯೋಚನೆ ಮಾಡ್ತಿದ್ದೆ, ನಾನು ನಿಮಗೆಲ್ಲ ಅಂಥದ್ದೇನು ಮಾಡಿದೆ ಅಂತ. ನಿಮ್ಮಲ್ಲಿ ಒಬ್ರು ಬಂದಿದ್ರೂ ಉಳ್ಕೊಂಡ್ಬಿಡ್ತಿದ್ದೆ” ಎಂದರು. ಈಗ ರದ್ದುಮಾಡಿಸಲು ಬರುತ್ತದೆಯೇ ಎಂದು ಪರಮೇಶಪ್ಪ ಕೇಳಿದರು. ಬರುವುದಿಲ್ಲ, ಈ ಜಾಗವನ್ನು ಬೇರೆಯವರು ಆರಿಸಿಯೂ ಆಯಿತು ಎಂದರು ಮೇಡಂ. ಹೊರಗೆ ಎರಡು ಬಸ್ಸುಗಳ ಹಾರ್ನು ಒಂದರ ಹಿಂದೊಂದು ಕೇಳಿಸಿ ದೂರವಾಯಿತು. ಯಾರೂ ಅಲುಗಾಡಲಿಲ್ಲ.

ಆಮೇಲೆ ಅವರು ನನ್ನ ಕಡೆ ತಿರುಗಿ, ಜಗಳದ ಧ್ವನಿಯಲ್ಲಲ್ಲ, ನಿಜವಾಗಿ ತಿಳಿಯಬೇಕೆಂಬ ಧ್ವನಿಯಲ್ಲಿ ಕೇಳಿದರು: “ಓದಿದ್ರೆ ಬರ್ತಿದ್ರಾ ಸರ್?”

ತಟ್ಟನೆ ಹೌದು ಎನ್ನಬೇಕಿತ್ತು. ಆದರೆ ಶನಿವಾರ ಬೆಳಗಿನ ತರಗತಿ ಮುಗಿಸಿ, ಚೀಲ ಹೆಗಲಿಗೇರಿಸಿ, ನಿಲ್ದಾಣದ ಕಡೆ ದಾಪುಗಾಲು ಹಾಕುವ ನನ್ನನ್ನು ನಾನೇ ಕಂಡೆ. ಇರಲಿ, ಉಳಿದ ಏಳು ಮಂದಿಯಲ್ಲಿ ಯಾರಾದರೂ ಹೋಗಿ ಹೇಳುತ್ತಾರೆ ಎಂದುಕೊಳ್ಳುತ್ತಿದ್ದೆನಲ್ಲವೇ? ಆ ಏಳು ಮಂದಿಯೂ ಹಾಗೆಯೇ ಅಂದುಕೊಳ್ಳುತ್ತಿದ್ದರೇನೋ. “ಗೊತ್ತಿಲ್ಲ ಮೇಡಂ. ಬೇರೆ ಯಾರಾದ್ರೂ ಹೋಗ್ತಾರೆ ಅಂದ್ಕೊಂಡು ಬಸ್ಸು ಹತ್ತಿಬಿಡ್ತಿದ್ದೆನೋ ಏನೋ” ಎಂದೆ.

ಮೇಡಂ ಪುಸ್ತಕವನ್ನು ಮುಚ್ಚಿ ನನ್ನ ಕಡೆ ಸರಿಸಿದರು. “ಬಿನ್ನವತ್ತಳೆಯಲ್ಲಿ ಇದನ್ನೇ ಬರೀರಿ ಸರ್. ಸೌಜನ್ಯಮೂರ್ತಿ ಎಲ್ಲ ಬೇಡ” ಎಂದರು.

ಬರೆದೆ. ನಾನು ಹಾಗೆ ಬರೆಯುವುದು ಅದೇ ಮೊದಲು, ಕೈಗೆ ರೂಢಿಯಿರಲಿಲ್ಲ. ನಾಲ್ಕು ಸಲ ಹರಿದು ಹಾಕಿದೆ. ಗೇಟಿನ ಬಿಸ್ಕತ್ತು ಬಂತು, ಪರಮೇಶಪ್ಪನವರ ತಂದೆಯ ಆಸ್ಪತ್ರೆ ಬಂತು, ಓದದೆ ಹಾಕಿದ ಸಹಿಗಳು ಬಂದವು. ಕೊನೆಗೆ ‘ಆ ಶನಿವಾರ ತಾವು ಕಾದಿರಿ, ನಮ್ಮಲ್ಲಿ ಒಬ್ಬರೂ ಬರಲಿಲ್ಲ’ ಎಂದು ಮುಗಿಸಿದೆ. ಬರೆದು ಮುಗಿಸಿ, ಸತ್ಯ ಹೇಳಿದೆನೆಂಬ ಸಂತೋಷದಲ್ಲಿ ಎದೆಯುಬ್ಬಿಸಿಕೊಂಡೆ. ಬರೆದ ಹಾಳೆ ಸ್ಟಾಫ್ ರೂಮಿಗೆ ಹೋಯಿತು. ಎಲ್ಲರೂ ಕೂತು ಓದಿ ಸಹಿ ಹಾಕಿದರು. ಅದನ್ನು ಶಿಕಾರಿಪುರದ ಚೌಕಟ್ಟಿನ ಅಂಗಡಿಗೆ ಕಳಿಸಲು ಲಕೋಟೆಗೆ ಹಾಕುವಾಗ ಶಾರದಮ್ಮ ಕೈಯೊರೆಸಿಕೊಂಡು ಬಂದು, ಕೊಡಿ ಸಾರ್ ಎಂದು ತೆಗೆದುಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ಮೊದಲಿಂದ ಕೊನೆಯವರೆಗೆ ಓದಿದರು. ಬೆರಳು ಕೊನೆಯ ಸಾಲಿನಲ್ಲಿ ನಿಂತಿತು.

“ಇಲ್ಲೊಂದು ತಪ್ಪೈತೆ ಸಾರ್. ನಾ ಹೋಗಿದ್ನಲ್ರೀ?”

ಅವರ ಮಾತಿನಲ್ಲಿ ದೂರು ಇರಲಿಲ್ಲ. ಲೆಕ್ಕದಲ್ಲಿ ತಪ್ಪು ಕಂಡ ವಿದ್ಯಾರ್ಥಿನಿ ಮೇಷ್ಟ್ರಿಗೆ ತೋರಿಸಿದ ಹಾಗೆ ಹೇಳಿದರು. ಸ್ಟಾಫ್ ರೂಮಿನಲ್ಲಿದ್ದ ಎಂಟೂ ಮಂದಿ ಆ ಸಾಲನ್ನು ಓದಿಯೇ ಸಹಿ ಹಾಕಿದ್ದೆವು. ಶನಿವಾರ ತಾವು ಹೋಗಿದ್ದನ್ನು ಶಾರದಮ್ಮನೇ ಬಾಯಿಬಿಟ್ಟು ಹೇಳಿ ನಾಲ್ಕು ದಿನವೂ ಆಗಿರಲಿಲ್ಲ. ನಾನು ಆ ಹಾಳೆಯನ್ನು ಹರಿದು, ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹೊಸದಾಗಿ ಬರೆದೆ. ಈ ಸಲ ಹೆಸರುಗಳು ಒಂಬತ್ತಾದವು, ಮೊದಲನೆಯದು ಅವರದು.

ಬೀಳ್ಕೊಡುಗೆಯ ದಿನ ಅದನ್ನು ಓದಿದವನೂ ನಾನೇ. ‘ಆ ಶನಿವಾರ ತಾವು ಕಾದಿರಿ, ನಮ್ಮಲ್ಲಿ ಶಾರದಮ್ಮನವರು ಬಂದರು, ಇರಿ ಎಂದರು, ಉಳಿದ ಎಂಟು ಮಂದಿ ಬಸ್ಸಿಗೆ ಹೋದೆವು’ ಎಂಬಲ್ಲಿಗೆ ಬಂದಾಗ ಮೇಡಂ ಥಟ್ಟನೆ ತಲೆಯೆತ್ತಿದರು. ಬಾಗಿಲಲ್ಲಿ ಹಾರದ ತಟ್ಟೆ ಹಿಡಿದು ನಿಂತಿದ್ದ ಶಾರದಮ್ಮನನ್ನೇ ನೋಡುತ್ತಿದ್ದರು. ಚೌಕಟ್ಟನ್ನು ಕೈಗಿಡಲು ಹತ್ತಿರ ಹೋದಾಗ ನನಗೆ ಮಾತ್ರ ಕೇಳುವಂತೆ ಹೇಳಿದರು: “ಒಬ್ರು ಬಂದ್ರೂ ಉಳೀತೀನಿ ಅಂದ್ಕೊಂಡೇ ಕೂತಿದ್ದೆ ಸರ್. ಶಾರದಮ್ಮ ಬಂದಿದ್ರಲ್ಲ. ನಾನೂ ಅವರನ್ನ ಎಣಿಸ್ಲಿಲ್ಲ.”